ಶನಿವಾರ ಬೇಟೆಯಾಡದ ಡೈನೋಸಾರ್

ಶಿವರಾತ್ರಿ ಕಳೆದ ಮೇಲೆ ಕೋಲಾರ ಸೀಮೆಯ ಆವನಿಯಲ್ಲಿ ಜಾತ್ರೆ ಕಟ್ಟುತ್ತದೆ. ತೇರು, ದನಗಳ ಪರಿಷೆ, ಕಡ್ಲೆಪುರಿ, ಬಳೆ, ಬತ್ತಾಸು. ಆ ಗದ್ದಲದ ನಡುವೆ ಆಟಿಕೆ ಅಂಗಡಿಯೊಂದರ ಮುಂದೆ ಏಳೆಂಟು ವರ್ಷದ ಹುಡುಗ ಹಸಿರು ರಬ್ಬರಿನ ಡೈನೋಸಾರ್ ಒಂದನ್ನು ಎರಡೂ ಕೈಯಲ್ಲಿ ಹಿಡಿದು ನಿಂತಿದ್ದ.

"ತಾತ, ಇದ್ರ ಹೆಸ್ರೇನು?"

"ಡೈನೋಸಾರು ಕಣೋ."

"ಅದು ಜಾತಿ ತಾತ. ಹೆಸ್ರು ಏನು ಅಂತ?"

ತಾತ ಉತ್ತರ ಸಿಗದೆ ಅಂಗಡಿಯವನ ಮುಖ ನೋಡಿದರು. ಅಂಗಡಿಯವನು ಚಿಲ್ಲರೆ ಎಣಿಸುತ್ತಿದ್ದ. ಹುಡುಗ ತಾನೇ ತೀರ್ಮಾನ ಮಾಡಿಬಿಟ್ಟ: "ಇದು ಆವನಿಸಾರಸ್."

ಆ ಹುಡುಗ ಮಾಡಿದ ಕೆಲಸ ಸಣ್ಣದಲ್ಲ. ಜಾತಿ ಬೇರೆ, ಹೆಸರು ಬೇರೆ ಎಂದು ಅವನಿಗೆ ತಿಳಿದಿತ್ತು. ಹೆಸರಿನ ಬಾಲಕ್ಕೆ ಏನು ಸೇರಿಸಿದರೆ ಅದು ಪಂಡಿತರ ಬಾಯಿಂದ ಬಂದಂತೆ ಕೇಳುತ್ತದೆ ಎಂಬುದೂ ತಿಳಿದಿತ್ತು. ಪ್ರಪಂಚದಲ್ಲಿ ಬಹಳ ಜನ ಈ ಆಟ ಆಡುತ್ತಾರೆ. ಅದರಲ್ಲಿ ಯೆಹೂದಿಗಳು ತಮ್ಮ ಮನೆಮಾತನ್ನೂ ಆಚಾರವನ್ನೂ ಸೇರಿಸಿ ಕಟ್ಟುವ ನಗೆಯ ಡೈನೋಸಾರ್‌ಗಳದೇ ಒಂದು ಗುಂಪು. ಆ ನಗು ಹೇಗೆ ಹುಟ್ಟುತ್ತದೆ, ಅದರಲ್ಲಿ ನಮಗೇನು ಕಲಿಯಲಿಕ್ಕಿದೆ ಎಂದು ಬಿಡಿಸಿ ಹೇಳುವುದು ಈ ಬರಹದ ಉದ್ದೇಶ.

ಮೊದಲು ನಿಜವಾದ ಹೆಸರುಗಳ ವಿಷಯ. 1842ರಲ್ಲಿ ಇಂಗ್ಲೆಂಡಿನ ರಿಚರ್ಡ್ ಓವೆನ್ ಎರಡು ಗ್ರೀಕ್ ಪದಗಳನ್ನು ಬೆಸೆದು 'ಡೈನೋಸಾರ್' ಎಂಬ ಮಾತು ಕಟ್ಟಿದರು. 'ಡೈನೋಸ್' ಎಂದರೆ ಭಯಂಕರ, 'ಸಾರೋಸ್' ಎಂದರೆ ಹಲ್ಲಿ. ಅಲ್ಲಿಂದ ಮುಂದೆ ಸಿಕ್ಕ ಎಷ್ಟೋ ಪ್ರಾಣಿಗಳ ಹೆಸರಿನ ಕೊನೆಗೆ ಈ ಹಲ್ಲಿ ಅಂಟಿಕೊಂಡಿತು. ಮುಂದಿನ ಅರ್ಧವನ್ನು ಯಾವ ಭಾಷೆಯಿಂದ ತಂದರೂ ತಡೆಯಿಲ್ಲ. ಗೋದಾವರಿ ಕಣಿವೆಯಲ್ಲಿ ಸಿಕ್ಕ ದೈತ್ಯನಿಗೆ 1975ರಲ್ಲಿ ಇಟ್ಟ ಹೆಸರು ಬಾರಾಪಾಸಾರಸ್ ಟ್ಯಾಗೋರಿ. ಬಂಗಾಳಿಯಲ್ಲಿ 'ಬಡ ಪಾ' ಎಂದರೆ ದೊಡ್ಡ ಕಾಲು. ಅಗೆತ ಶುರುವಾದ 1961 ರವೀಂದ್ರನಾಥ ಠಾಕೂರರ ಶತಮಾನೋತ್ಸವದ ವರ್ಷ, ಹಾಗಾಗಿ ಕವಿಯ ಹೆಸರೂ ಸೇರಿತು. ಅದೇ ಸೀಮೆಯ ಇನ್ನೊಂದು ಪ್ರಾಣಿ ಕೋಟಾಸಾರಸ್ ಯಮನಪಲ್ಲಿಯೆನ್ಸಿಸ್. ಇದರಲ್ಲಿ ಯಮನಪಲ್ಲಿ ಎಂಬ ತೆಲುಗು ಹಳ್ಳಿ ಹಾಗೇ ಕುಳಿತಿದೆ. ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ ಆಡುವ ಮುಳಬಾಗಿಲು ಕಡೆಯ ಮಗುವಿಗೆ 'ಪಲ್ಲಿ' ಏನೆಂದು ಯಾರೂ ಹೇಳಿಕೊಡಬೇಕಿಲ್ಲ. ತಮಿಳುನಾಡಿನ ಅರಿಯಲೂರು ಸೀಮೆಯ ಕಲ್ಲಮೇಡಿನಲ್ಲಿ ಸಿಕ್ಕ ಭಾರಿ ಮೂಳೆಗೆ 1987ರಲ್ಲಿ ಯಾದಗಿರಿ ಮತ್ತು ಅಯ್ಯಸಾಮಿ ಅವರು ಕೊಟ್ಟ ಹೆಸರು ಬೃಹತ್ಕಾಯೊಸಾರಸ್. ನಮ್ಮ ಮಕ್ಕಳಿಗೆ ಅರ್ಥ ಕೇಳದೆಯೇ ಅರ್ಥವಾಗುವ ಡೈನೋಸಾರ್ ಇದು. ಆ ಮೂಳೆ ಮಾತ್ರ ಉಳಿಯಲಿಲ್ಲ, ಮಳೆಯ ತೇವಕ್ಕೆ ಪುಡಿಯಾಗಿ ಹೋಯಿತು.

ವಿಜ್ಞಾನಿಗಳೂ ನಗುತ್ತಾರೆ. 1996ರಲ್ಲಿ ಬ್ರೆಜಿಲ್‌ನ ತಲೆಬುರುಡೆಯೊಂದನ್ನು ಕೊಂಡು ತಂದವರು ಪರೀಕ್ಷಿಸಿದಾಗ, ಮಾರಿದವರು ಮೂತಿಗೆ ಗಾರೆ ಮೆತ್ತಿ ಉದ್ದ ಮಾಡಿದ್ದು ಬಯಲಾಯಿತು. ಅದನ್ನು ಬಿಡಿಸುವಷ್ಟರಲ್ಲಿ ಬಂದ ಸಿಟ್ಟನ್ನೇ ಹೆಸರಾಗಿಸಿ 'ಇರಿಟೇಟರ್' ಎಂದರು. ಹೀಗೆ ಹೆಸರು ನಗೆಯದಾಗಬಹುದು, ಆದರೆ ಅದರ ಹಿಂದೆ ಒಂದು ಮೂಳೆ ಇರಬೇಕು, ಅಚ್ಚಾದ ವಿವರಣೆ ಇರಬೇಕು, ಆ ಹೆಸರನ್ನು ಅದಕ್ಕೆ ಮುಂಚೆ ಬೇರೆ ಪ್ರಾಣಿಗೆ ಇಟ್ಟಿರಬಾರದು. ಗೋದಾವರಿ ಕಣಿವೆಯದೇ ಒಂದು ಸಣ್ಣ ಡೈನೋಸಾರ್‌ಗೆ 'ವಾಕೇರಿಯಾ' ಎಂದು ಹೆಸರಿಟ್ಟ ಮೇಲೆ, ಅದು ಆಗಲೇ ಬೇರೊಂದು ಕಡಲಜೀವಿಯ ಹೆಸರು ಎಂದು ಗೊತ್ತಾಗಿ 'ಆಲ್ವಾಕೇರಿಯಾ' ಎಂದು ತಿದ್ದಬೇಕಾಯಿತು.

ಇನ್ನು ಯೆಹೂದಿ ನಗೆಗೆ ಬರೋಣ. ಯಿಡ್ಡಿಷ್ ಭಾಷೆಯಲ್ಲಿ 'ಓಯ್ ವೇಯ್' ಎಂಬ ಉದ್ಗಾರವಿದೆ. ನಮ್ಮ ಕಡೆ ಅಜ್ಜಿಯರು ಮೊಣಕಾಲು ಹಿಡಿದು ಏಳುವಾಗ 'ಅಯ್ಯೋ ಶಿವನೇ' ಎನ್ನುವುದಿಲ್ಲವೇ, ಅದೇ ಧಾಟಿ. ಅದಕ್ಕೆ ಹಲ್ಲಿಯ ಬಾಲ ಅಂಟಿಸಿ 'ಓಯ್‌ವೇಯ್‌ಸಾರಸ್' ಎಂದರೆ ಸದಾ ಗೊಣಗುವ, ಆದರೆ ಮರಿಗಳಿಗೆ ಹೊಟ್ಟೆ ತುಂಬ ಉಣಿಸದೆ ಬಿಡದ ಮುದಿ ಡೈನೋಸಾರ್ ಕಣ್ಣಮುಂದೆ ಬರುತ್ತದೆ. ಇದು ಸುಲಭದ ನಗು, ಎಲ್ಲ ಮನೆಯಲ್ಲೂ ಅಂಥವರೊಬ್ಬರು ಇರುತ್ತಾರೆ.

ನಾನು ಹೆಚ್ಚು ಹೊತ್ತು ನಿಲ್ಲಬೇಕೆಂದಿರುವುದು ಇನ್ನೊಂದರ ಹತ್ತಿರ. ಅದಕ್ಕೆ 'ಸಬ್ಬತೊಸಾರಸ್' ಎಂದು ಕರೆಯೋಣ. ಚೂಪು ಹಲ್ಲು, ದೊಡ್ಡ ದವಡೆ, ನೋಡಿದರೆ ಎದೆ ಝಲ್ಲೆನ್ನಬೇಕು. ಆದರೆ ಶುಕ್ರವಾರ ಹೊತ್ತು ಮುಳುಗಿದರೆ ಶನಿವಾರ ರಾತ್ರಿ ನಕ್ಷತ್ರ ಮೂಡುವ ತನಕ ಅದು ಬೇಟೆಯಾಡುವುದಿಲ್ಲ. ಜಿಂಕೆಯಂಥ ಬಡಪ್ರಾಣಿಗಳು ಅದರ ಮೂಗಿನ ಮುಂದೆಯೇ ಹಾದುಹೋಗುತ್ತವೆ, ಅದು ನಿಟ್ಟುಸಿರು ಬಿಟ್ಟು ಸುಮ್ಮನಿರುತ್ತದೆ. ಇಷ್ಟು ಕೇಳಿದರೆ ಮುಗುಳ್ನಗೆ ಬಂದೀತು. ಪೂರ್ತಿ ನಗಲು ಯೆಹೂದಿಗಳ ಸಬ್ಬತ್ತಿನ ಕಟ್ಟಳೆ ತಿಳಿದಿರಬೇಕು. ಆ ದಿನ ಮಾಡಬಾರದ ಕೆಲಸಗಳನ್ನು ಅವರ ಶಾಸ್ತ್ರ 39 ಬಗೆಯಾಗಿ ಎಣಿಸುತ್ತದೆ. ಉಳುವುದು, ಬಿತ್ತುವುದು, ನಾದುವುದು, ಒಲೆ ಹೊತ್ತಿಸುವುದು ಅದರಲ್ಲಿವೆ, ಪ್ರಾಣಿ ಹಿಡಿಯುವುದು ಮತ್ತು ಕೊಲ್ಲುವುದೂ ಇವೆ. ಬೇಟೆಯೇ ಬದುಕಾದ ಪ್ರಾಣಿಗೆ ಇದಕ್ಕಿಂತ ಕಠಿಣ ವ್ರತ ಉಂಟೇ? ಹಾಗಾಗಿ ಅದು ಶುಕ್ರವಾರವೇ ಅಡಿಗೆ ಮಾಡಿ ಸಣ್ಣ ಉರಿಯ ಮೇಲೆ ಇಟ್ಟುಕೊಳ್ಳಬೇಕು. ಪೂರ್ವ ಯೂರೋಪಿನ ಯೆಹೂದಿ ಮನೆಗಳಲ್ಲಿ 'ಚೋಲೆಂಟ್' ಎಂಬ ಕಾಳು ಮಾಂಸದ ಹುಳಿ ಹೀಗೇ ರಾತ್ರಿಯಿಡೀ ಬೇಯುತ್ತದೆ. ಸಾರು ಮರುದಿನಕ್ಕೇ ರುಚಿ ಎನ್ನುವ ನಮ್ಮವರಿಗೆ ಇದು ಬೇಗ ಅರ್ಥವಾಗುತ್ತದೆ.

ಈ ಪ್ರಾಣಿ ಕಲ್ಪನೆಯದು, ಆದರೆ ಶನಿವಾರದ ವಿರಾಮ ನೋಡಿ ಹೆಸರಿಡುವ ಕೆಲಸ ನಮ್ಮ ನೆರೆಯಲ್ಲೇ ನಿಜವಾಗಿ ನಡೆದಿದೆ. ಕೊಂಕಣ ಕರಾವಳಿಯಲ್ಲಿ ಬೆನೆ ಇಸ್ರೇಲ್ ಎಂಬ ಯೆಹೂದಿ ಸಮುದಾಯವಿದೆ. ಅಲಿಬಾಗ್ ಹತ್ತಿರ ಹಡಗು ಒಡೆದು, ಈಜಿ ದಡ ಸೇರಿದ ಏಳು ಜೋಡಿಗಳಿಂದ ತಮ್ಮ ವಂಶ ಬೆಳೆಯಿತು ಎನ್ನುವುದು ಅವರ ನಂಬಿಕೆ. ಎಣ್ಣೆ ತೆಗೆಯುವುದು ಅವರ ಕಸುಬಾಗಿತ್ತು. ಊರವರಿಗೆ ಅವರ ಧರ್ಮಗ್ರಂಥ ಗೊತ್ತಿರಲಿಲ್ಲ. ಶನಿವಾರ ಇವರ ಗಾಣ ತಿರುಗುವುದಿಲ್ಲ ಎಂಬುದೊಂದು ಕಣ್ಣಿಗೆ ಬಿತ್ತು. 'ಶನಿವಾರ್ ತೇಲಿ' ಎಂದು ಕರೆದರು. ನಮ್ಮ ಮಾತಿನಲ್ಲಿ ಹೇಳಿದರೆ ಶನಿವಾರದ ಗಾಣಿಗರು. ಒಂದು ಲಕ್ಷಣ ಹಿಡಿದು ಗುಂಪಿಗೆ ಹೆಸರು ಕೊಡುವುದನ್ನೇ ಜೀವಶಾಸ್ತ್ರದವರು ಮಾಡುತ್ತಾರೆ. ಬೆನೆ ಇಸ್ರೇಲರ ಮನೆತನದ ಹೆಸರುಗಳೂ ಹಾಗೆಯೇ, ಊರಿನ ಹೆಸರಿಗೆ 'ಕರ್' ಸೇರಿಸಿದರೆ ಆಯಿತು. ರಾಜಾಸಾರಸ್ ನರ್ಮದೆನ್ಸಿಸ್ ಎಂಬ ಡೈನೋಸಾರ್ ಹೆಸರಿನಲ್ಲಿ ನರ್ಮದೆಗೆ 'ಎನ್ಸಿಸ್' ಸೇರುವುದಕ್ಕೂ ಇದಕ್ಕೂ ವ್ಯತ್ಯಾಸವೇ ಇಲ್ಲ.

ಈ ಸಮುದಾಯ ಕರ್ನಾಟಕಕ್ಕೂ ಹೊರಗಿನದಲ್ಲ. ಬೆಂಗಳೂರಿನ ಮೈಸೂರು ರಸ್ತೆಯಲ್ಲಿ ಯೆಹೂದಿಗಳ ರುದ್ರಭೂಮಿ ಇದೆ. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1904ರಲ್ಲಿ, ಅದಕ್ಕೆ ಜಾಗ ಸಿಕ್ಕಿತು. ಅಲ್ಲಿನ ಹಳೆಯ ಸಮಾಧಿಗಳಲ್ಲಿ ಸುಬೇದಾರ್ ಸ್ಯಾಮ್ಯುಯೆಲ್ ನಗಾವ್‌ಕರ್ ಅವರದೂ ಒಂದು. ಊರು, ಅದರ ಹಿಂದೆ 'ಕರ್'. ಕಲ್ಲಿನ ಮೇಲೆ ಕೆತ್ತಿದ ಆ ಹೆಸರಿನಲ್ಲಿ ಒಂದು ಇಡೀ ವಲಸೆಯ ಚರಿತ್ರೆ ಉಳಿದುಕೊಂಡಿದೆ.

ಧರ್ಮಶ್ರದ್ಧೆಯವರಿಗೂ ಡೈನೋಸಾರ್‌ಗೂ ಆಗಿಬರುವುದಿಲ್ಲ ಎಂದು ಹಲವರು ತಿಳಿದಿದ್ದಾರೆ. ಪಂಚಾಂಗದ ಲೆಕ್ಕ ನೋಡಿದರೆ ಹಾಗನ್ನಿಸುವುದು ಸಹಜ. ಯೆಹೂದಿ ಪಂಚಾಂಗ ಸೃಷ್ಟಿಯಿಂದ ಇಲ್ಲಿಯವರೆಗೆ 5,780ಕ್ಕೆ ತುಸು ಹೆಚ್ಚು ವರ್ಷ ಎಣಿಸುತ್ತದೆ. 1993ರಲ್ಲಿ ಡೈನೋಸಾರ್ ಸಿನಿಮಾದ ಅಲೆ ಇಸ್ರೇಲಿಗೂ ಬಂದಾಗ, ಹಾಲಿನ ಪದಾರ್ಥಗಳ ಮೇಲೆ ಡೈನೋಸಾರ್ ಚಿತ್ರ ಹಾಕಿದರೆ ಆಹಾರಶುದ್ಧಿಯ ಪತ್ರ ಹಿಂದಕ್ಕೆ ಪಡೆಯುತ್ತೇವೆ ಎಂದು ಕೆಲವು ಗುರುಗಳು ಎಚ್ಚರಿಸಿದ್ದೂ ಉಂಟು. ಅದೇ ಪರಂಪರೆಯಲ್ಲಿ ಬೇರೆ ದನಿಯೂ ಇದೆ. ಓವೆನ್ 'ಡೈನೋಸಾರ್' ಎಂಬ ಪದ ಕಟ್ಟಿದ 1842ರಲ್ಲೇ ಡಾನ್‌ಝಿಗ್ ನಗರದ ಗುರು ಇಸ್ರಾಯೆಲ್ ಲಿಪ್‌ಶಿಟ್ಸ್ ಒಂದು ಪ್ರವಚನ ಬರೆದರು. ಸೈಬೀರಿಯಾದಲ್ಲಿ ಸಿಕ್ಕ ಮ್ಯಾಮತ್ ಆನೆಯ ವಿಷಯ ಅವರ ಕಿವಿಗೆ ಬಿದ್ದಿತ್ತು. ದೇವರು ಈ ಲೋಕಕ್ಕೆ ಮೊದಲು ಹಲವು ಲೋಕಗಳನ್ನು ಕಟ್ಟಿ ಕೆಡವಿದ ಎಂಬ ಹಳೆಯ ಯೆಹೂದಿ ವ್ಯಾಖ್ಯಾನಕ್ಕೆ ಈ ಮೂಳೆಗಳೇ ಸಾಕ್ಷಿ ಎಂದು ಅವರು ಸಂತೋಷಪಟ್ಟರು. ಕಲ್ಪ, ಪ್ರಳಯ ಎಂಬ ಮಾತುಗಳನ್ನು ಕೇಳಿ ಬೆಳೆದ ನಮಗೆ ಆ ಸಂತೋಷ ತಿಳಿಯುತ್ತದೆ. ಜೆರುಸಲೇಮಿನ ಪಕ್ಕದ ಬೇತ್ ಜಾಯಿತ್ ಎಂಬ ಹಳ್ಳಿಯಲ್ಲಿ 1962ರಲ್ಲಿ ನಿಜವಾದ ಡೈನೋಸಾರ್ ಹೆಜ್ಜೆಗಳೇ ಸಿಕ್ಕವು. ಎರಡು ಕಾಲಿನ ಪ್ರಾಣಿಗಳು ಸುಮಾರು 10 ಕೋಟಿ ವರ್ಷದ ಹಿಂದೆ ಕೆಸರಿನಲ್ಲಿ ನಡೆದುಹೋದ ಗುರುತು ಅಲ್ಲಿ ಕಲ್ಲಾಗಿದೆ.

'ಕೋಷರ್' ಎಂಬ ಆಹಾರ ನಿಯಮವನ್ನು ಹಿಡಿದು ಕಟ್ಟುವ ಡೈನೋಸಾರ್ ಹಾಸ್ಯ ಇನ್ನೂ ಚೆನ್ನ, ಏಕೆಂದರೆ ಅದಕ್ಕೆ ಅಂಗರಚನೆಯೇ ಬೇಕು. ಗೊರಸು ಸೀಳಿರಬೇಕು, ಮೆಲುಕು ಹಾಕಬೇಕು, ಎರಡೂ ಇದ್ದ ನಾಲ್ಕು ಕಾಲಿನ ಪ್ರಾಣಿ ಮಾತ್ರ ತಿನ್ನಲು ಯೋಗ್ಯ. ಬಾತುಕೊಕ್ಕಿನ ಡೈನೋಸಾರ್‌ಗಳಿಗೆ ಅರೆಯುವ ಹಲ್ಲು ಸಾಲುಸಾಲಾಗಿ ಇದ್ದವು, ಕಾಲ್ಬೆರಳ ತುದಿ ಗೊರಸಿನ ಹಾಗಿತ್ತು. ಆದರೂ ಅರೆಯುವುದು ಮೆಲುಕಲ್ಲ, ಆ ಗೊರಸು ಹಸುವಿನದರಂತೆ ಸೀಳಿದ್ದೂ ಅಲ್ಲ. ಹಾಗಾಗಿ ಅವು ಪರೀಕ್ಷೆಯಲ್ಲಿ ಬಿದ್ದುಹೋದವು. ಕೊನೆಗೆ ಗೆದ್ದುಬರುವುದು ಕೋಳಿ. ಹಕ್ಕಿಗಳು ಡೈನೋಸಾರ್ ವಂಶದ್ದೇ ಒಂದು ಉಳಿದ ಕವಲು ಎಂದು ಇವತ್ತಿನ ವಿಜ್ಞಾನ ಒಪ್ಪುತ್ತದೆ, ಕೋಳಿ ಕೋಷರ್ ಎಂದು ಶಾಸ್ತ್ರ ಒಪ್ಪುತ್ತದೆ. ನಾಟಿಕೋಳಿ ಸಾರಿಗೆ ಮುದ್ದೆ ಅದ್ದುವ ಕೋಲಾರದವರೆಲ್ಲ ಡೈನೋಸಾರ್ ವಂಶದ ರುಚಿ ಕಂಡವರೇ.

ಇಲ್ಲಿ ಒಂದು ಗೆರೆ ಎಳೆಯಬೇಕು. ಈ ಹಾಸ್ಯ ಆ ಸಮುದಾಯದ ಒಳಗಿನಿಂದ ಹುಟ್ಟಿದ್ದು. ಅಜ್ಜಿಯ ಗೊಣಗು, ಶನಿವಾರದ ವ್ರತ, ಅಡಿಗೆಮನೆಯ ಕಟ್ಟುಪಾಡು ಎಲ್ಲವನ್ನೂ ಪ್ರೀತಿಯಿಂದ ಬಲ್ಲವರು ಕಟ್ಟಿದ್ದು. ಅದೇ ಜನರ ಮೂಗು, ಹಣ ಎಂದು ಹೊರಗಿನವರು ಆಡಿಕೊಂಡಿದ್ದು ಬೇರೆ, ಅದರ ಕೊನೆ ಯೂರೋಪಿನಲ್ಲಿ ಎಲ್ಲಿಗೆ ಮುಟ್ಟಿತು ಎಂದು ನಾವು ಬಲ್ಲೆವು. ಡೈನೋಸಾರ್ ವಿದ್ಯೆಯೂ ಅದರ ಪೆಟ್ಟು ತಿಂದಿದೆ. ಫ್ರಾಂಕ್‌ಫರ್ಟಿನ ಟಿಲಿ ಎಡಿಂಗರ್ ಎಂಬ ಯೆಹೂದಿ ವಿಜ್ಞಾನಿ, ಪಳೆಯುಳಿಕೆ ಬುರುಡೆಯ ಒಳಗಿನ ಅಚ್ಚು ನೋಡಿ ಅಳಿದುಹೋದ ಪ್ರಾಣಿಯ ಮೆದುಳು ಹೇಗಿತ್ತೆಂದು ಓದುವ ಶಾಸ್ತ್ರವನ್ನೇ ಕಟ್ಟಿದವರು. 1939ರಲ್ಲಿ ಅವರು ತಾಯ್ನಾಡು ಬಿಟ್ಟು ಹೋಗಬೇಕಾಯಿತು. ಅದಕ್ಕೆ ಎರಡು ವರ್ಷ ಮುಂಚೆ, 1937ರಲ್ಲಿ, ಸ್ಲೊವೇನಿಯಾದ ಗುಹೆಯ ಕಣ್ಣಿಲ್ಲದ ಜೀರುಂಡೆಯೊಂದಕ್ಕೆ ಹಿಟ್ಲರನ ಗೌರವಕ್ಕೆಂದು ಅವನ ಹೆಸರಿಟ್ಟರು. ನಿಯಮಬದ್ಧವಾಗಿ ಇಟ್ಟ ಹೆಸರು ಎಂಬ ಕಾರಣಕ್ಕೆ ಅದು ಇಂದಿಗೂ ಬದಲಾಗಿಲ್ಲ. ಯಾರಿಗೂ ನೋವಾಗುವ ಹೆಸರು ಇಡಬಾರದು ಎಂದು ಪ್ರಾಣಿಗಳ ನಾಮಕರಣದ ಅಂತರರಾಷ್ಟ್ರೀಯ ಸಂಹಿತೆ ಈಗ ಬುದ್ಧಿ ಹೇಳುತ್ತದೆ. ಆಟದ ಹೆಸರಿಗೂ ಈ ಮಾತು ಸಲ್ಲುತ್ತದೆ. ನಮ್ಮ ಮಕ್ಕಳು ಹೆಸರು ಕಟ್ಟುವಾಗ ಪಕ್ಕದ ಕೇರಿಯವರ ಊಟ, ಬಣ್ಣ, ದೇವರನ್ನು ಹಿಡಿಯದೆ ತಮ್ಮ ಮನೆಯದನ್ನೇ ಹಿಡಿಯಲಿ.

ಈಗ ಆವನಿಗೆ ಮರಳೋಣ. ಇಲ್ಲಿ ನಿಜವಾದ ಡೈನೋಸಾರ್ ಸಿಕ್ಕೀತೇ? ಸಿಗುವುದಿಲ್ಲ, ಅದಕ್ಕೆ ಕಾರಣ ಬೆಟ್ಟದಲ್ಲೇ ಇದೆ. ಪಳೆಯುಳಿಕೆ ಉಳಿಯಲು ಕೆಸರು, ಮರಳು ಪದರಪದರವಾಗಿ ಕೂತು ಗಟ್ಟಿಯಾದ ಕಲ್ಲು ಬೇಕು. ಕೋಲಾರ ಸೀಮೆಯ ಗ್ರಾನೈಟ್ ಮತ್ತು ನೈಸ್ ಬಂಡೆಗಳು ಭೂಮಿಯ ಆಳದ ಕಾವಿನಲ್ಲಿ ಬೆಂದು ರೂಪುಗೊಂಡವು. ವಯಸ್ಸು 250 ಕೋಟಿ ವರ್ಷದ ಆಸುಪಾಸು, ಕೆಲವು ಅದಕ್ಕೂ ಹಿರಿಯವು. ಕೆಜಿಎಫ್‌ನ ಚಿನ್ನ ಹೊತ್ತ ಶಿಲೆಗಳು ಸುಮಾರು 270 ಕೋಟಿ ವರ್ಷದವು, ಆ ಶಿಲಾಪಟ್ಟಿಯ ಪೆದ್ದಪಲ್ಲಿಯ ಜ್ವಾಲಾಮುಖಿ ಶಿಲೆಗಳು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವಾಗಿವೆ. ಡೈನೋಸಾರ್‌ಗಳು ಹುಟ್ಟಿದ್ದು ಸುಮಾರು 23 ಕೋಟಿ ವರ್ಷದ ಹಿಂದೆ, ಹಕ್ಕಿಗಳನ್ನು ಬಿಟ್ಟು ಉಳಿದವು ಅಳಿದದ್ದು 6.6 ಕೋಟಿ ವರ್ಷದ ಹಿಂದೆ. ಆವನಿ ಬೆಟ್ಟವನ್ನು ನೂರು ವರ್ಷದ ಅಜ್ಜಿ ಎಂದುಕೊಳ್ಳಿ. ಅವಳಿಗೆ ತೊಂಬತ್ತು ದಾಟಿದ ಮೇಲೆ ಈ ಮರಿಗಳು ಅಂಗಳಕ್ಕೆ ಬಂದವು, ತೊಂಬತ್ತೇಳು ತುಂಬಿದಾಗ ಎದ್ದು ಹೋದವು. ಉತ್ತರಕ್ಕೆ ನರ್ಮದೆಯಲ್ಲಿ ರಾಜಾಸಾರಸ್, ದಕ್ಷಿಣಕ್ಕೆ ಅರಿಯಲೂರಿನಲ್ಲಿ ಬೃಹತ್ಕಾಯ. ನಡುವಿನ ನಮ್ಮ ನೆಲದ ಮೇಲೂ ಅಂಥವು ಓಡಾಡಿರಬಹುದು. ಹೆಜ್ಜೆ ಹಿಡಿದಿಡುವ ಕೆಸರಿನ ಪದರ ಇಲ್ಲಿ ಉಳಿದಿಲ್ಲ.

ಆದರೆ ಕಲ್ಲಿಗೆ ಹೆಸರಿಡುವ ಅಭ್ಯಾಸ ಈ ಊರಿಗೆ ಹೊಸದಲ್ಲ. ಲವಕುಶರು ಹುಟ್ಟಿದ್ದು ಇಲ್ಲೇ, ವಾಲ್ಮೀಕಿ ಇದ್ದ ಗುಹೆ ಇದೇ, ತಂದೆ ಮಕ್ಕಳ ಯುದ್ಧ ನಡೆದದ್ದೂ ಇಲ್ಲೇ ಎಂದು ಆವನಿ ನಂಬಿದೆ. ಬೆಟ್ಟದ ಮೇಲೆ ಸೀತಮ್ಮನ ಗುಡಿ, ಕೆಳಗೆ ನೊಳಂಬರ ಕಾಲದ ರಾಮಲಿಂಗೇಶ್ವರ ಗುಡಿಗಳ ಸಮೂಹ. ರಾಮ, ಲಕ್ಷ್ಮಣ, ಭರತ, ಶತ್ರುಘ್ನ ಒಬ್ಬೊಬ್ಬರ ಹೆಸರಿಗೂ ಒಂದೊಂದು ಲಿಂಗ. ಹತ್ತುವಾಗ ಪಕ್ಕದ ಬಂಡೆಯನ್ನು ಕೈಯಲ್ಲಿ ಮುಟ್ಟಿ ನೋಡಿ. ಬಿಸಿಲು ಮಳೆಗೆ ಈರುಳ್ಳಿ ಸಿಪ್ಪೆಯ ಹಾಗೆ ಪದರ ಬಿಟ್ಟಿರುತ್ತದೆ, ಉಗುರು ಹಾಕಿದರೆ ಅಂಚು ಅಲುಗುತ್ತದೆ. ಹೀಗೆ ಸುಲಿದು ಸುಲಿದು ಬಂಡೆಗಳು ಮೊಟ್ಟೆಯಂತೆ ಗುಂಡಗಾಗುತ್ತವೆ. ಮೊಬೈಲಿನಲ್ಲಿ ಅಂಥದೊಂದರ ಚಿತ್ರ ತೆಗೆದು 'ಡೈನೋಸಾರ್ ಮೊಟ್ಟೆ' ಎಂದು ಹಂಚಿದರೆ ನಂಬುವವರು ಬೇಕಾದಷ್ಟು ಸಿಗುತ್ತಾರೆ. ಹಾಗೆ ಮಾಡಬೇಡಿ. ಮಧ್ಯಪ್ರದೇಶದ ಧಾರ್ ಜಿಲ್ಲೆಯಲ್ಲಿ ಹಳ್ಳಿಯವರು ಕುಲದೇವರೆಂದು ಪೂಜಿಸುತ್ತಿದ್ದ ಗುಂಡು ಕಲ್ಲುಗಳು ಡೈನೋಸಾರ್ ಮೊಟ್ಟೆಗಳು ಎಂದು ತಜ್ಞರು ಹೇಳಿದ್ದು 2023ರ ಕೊನೆಯಲ್ಲಿ ಸುದ್ದಿಯಾಯಿತು. ಅಲ್ಲಿ ನರ್ಮದಾ ಕಣಿವೆಯ ಪದರಶಿಲೆ ಇದೆ, ಇಲ್ಲಿ ಗ್ರಾನೈಟ್ ಇದೆ. ಹೆಸರು ಕಲ್ಪಿಸುವುದು ಆಟ, ಮೂಳೆ ಕಲ್ಪಿಸುವುದು ಮೋಸ.

ಆಟಕ್ಕೆ ನಮ್ಮಲ್ಲಿ ಸಾಮಗ್ರಿ ತುಂಬಿ ತುಳುಕುತ್ತಿದೆ. ಬಸ್ಸಾರು ಎಂಬ ಪದದಲ್ಲೇ ಹಲ್ಲಿಯ ಬಾಲದ ಅರ್ಧ ಇದೆ, 'ಬಸ್ಸಾರೊಸಾರಸ್' ಎಂದರೆ ಕೇಳಿದ ಮಗು ಬಿದ್ದುಬಿದ್ದು ನಗುತ್ತದೆ. ಅದಕ್ಕೆ ಎರಡು ಹೊಟ್ಟೆ, ಸೊಪ್ಪು ಬೇಳೆ ಬೇಯಿಸಿ ಬಸಿದ ಕಟ್ಟು ಒಂದಕ್ಕೆ, ಉಳಿದ ಪಲ್ಯ ಇನ್ನೊಂದಕ್ಕೆ. ಶ್ರೀನಿವಾಸಪುರದ 'ಮಾವೊಸಾರಸ್' ಮಂಡಿ ಬಾಗಿಲು ತೆರೆದಾಗ ಕಾಣಿಸಿಕೊಂಡು, ಸುಗ್ಗಿ ಮುಗಿದ ಕೂಡಲೇ ಮಾಯವಾಗುತ್ತದೆ. ನನ್ನ ಮನಸ್ಸು ಹಿಡಿದಿರುವುದು 'ಬೋರ್‌ವೆಲ್‌ಸಾರಸ್'. ಬಾರಾಪಾಸಾರಸ್ಸಿನ ಕತ್ತು ಮರದ ಚಿಗುರಿನ ಕಡೆ ಚಾಚಿತ್ತು. ಇದರ ಕತ್ತು ಕೆಳಮುಖವಾಗಿ ಬೆಳೆದು, ಸಾವಿರ ಅಡಿ ದಾಟಿ, ಇನ್ನೂ ನೀರು ಹುಡುಕುತ್ತಿದೆ. ಶಾಶ್ವತ ನದಿಯಿಲ್ಲದ ಈ ಜಿಲ್ಲೆಯ ರೈತನ ಮಗುವಿಗೆ ಆ ಪ್ರಾಣಿಯ ಬಾಯಾರಿಕೆ ಏನೆಂದು ವಿವರಿಸಬೇಕಾಗಿಲ್ಲ. 2018ರಿಂದ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಸಂಸ್ಕರಿಸಿದ ನೀರು ಕೋಲಾರದ ಕೆರೆಗಳಿಗೆ ಬರುತ್ತಿದೆ, ಆ ಕಥೆಯನ್ನೂ ಮಕ್ಕಳು ಈ ಪ್ರಾಣಿಯ ಬಾಯಲ್ಲಿ ಹೇಳಿಸಬಹುದು.

ಮುಳಬಾಗಿಲು, ಶ್ರೀನಿವಾಸಪುರ, ಮಾಲೂರು ಕಡೆಯ ಮೇಷ್ಟ್ರುಗಳಲ್ಲಿ, ಟೀಚರಮ್ಮಂದಿರಲ್ಲಿ ನನ್ನದೊಂದು ಬೇಡಿಕೆ. ಒಂದು ಶನಿವಾರ ಬೆಳಗಿನ ಶಾಲೆ ಬಿಟ್ಟ ಮೇಲೆ ಮಕ್ಕಳಿಗೆ ಒಂದೊಂದು ಹಾಳೆ ಕೊಡಿ. ಇಲ್ಲದ ಒಂದು ಡೈನೋಸಾರ್ ಬರೆಯಲಿ, ಏನು ತಿನ್ನುತ್ತದೆ, ಯಾವ ವಾರ ಉಪವಾಸ, ಯಾವ ಊರಿನದು ಎಂದು ಬರೆದು ಕನ್ನಡದಲ್ಲೋ ತೆಲುಗಿನಲ್ಲೋ ಉರ್ದುವಿನಲ್ಲೋ ಹೆಸರಿಡಲಿ. ಆಮೇಲೆ ಆವನಿ ಬೆಟ್ಟ ಹತ್ತಿಸಿ, ಕಲ್ಲು ಮುಟ್ಟಿಸಿ, ಇಲ್ಲಿ ಮೂಳೆ ಏಕೆ ಸಿಗುವುದಿಲ್ಲ ಎಂದು ಹೇಳಿ. ಶಾಲಾ ಪ್ರವಾಸದ ಬಸ್ಸು ಒಂದು ವರ್ಷವಾದರೂ ಹೈದರಾಬಾದಿನ ದಾರಿ ಹಿಡಿಯಲಿ. ಅಲ್ಲಿನ ಬಿರ್ಲಾ ವಿಜ್ಞಾನ ಕೇಂದ್ರದಲ್ಲಿ ಯಮನಪಲ್ಲಿಯ ಕೋಟಾಸಾರಸ್ಸಿನ ಅಸ್ಥಿಪಂಜರವನ್ನು ನಿಲ್ಲಿಸಿದ್ದಾರೆ.